ಹನ್ನೆರಡನೆಯ ವಾಲ್ವು

ತಾರೀಖು ೧೪, ಬುಧವಾರ
ವಾರ್ಡ್ ಕಚೇರಿ (ನಿನ್ನ ಕಾಲದ ಪುರಸಭೆ), ನೀರಿನ ವಿಭಾಗ,
ಒಂದು ಕಾಲು ಕುಂಟುವ ಅದೇ ಮೇಜು

ಪ್ರೀತಿಯ ಅಪ್ಪಾ,

ಕಣ್ಣಿನ ಪಟ್ಟಿ ಬಿಚ್ಚಿದರಾ? ಔಷಧದ ಹನಿಗಳನ್ನು ಹೊತ್ತುಹೊತ್ತಿಗೆ ಹಾಕಿಸಿಕೊಳ್ಳುತ್ತಿದ್ದೀಯೋ, ಇಲ್ಲಾ ನನ್ನ ತಂಗಿ, ನಿನ್ನ ಚಿಕ್ಕವಳು, ಸೀಸೆ ಹಿಡಿದು ಬಂದ ಕೂಡಲೇ ಗೊರಕೆಯ ನಾಟಕ ಶುರುವೋ? ಮೂವತ್ತೊಂದು ವರ್ಷ ಊರಿಗೆಲ್ಲ ನೀರು ಬಿಟ್ಟ ಮನುಷ್ಯ ಕಣ್ಣಿಗೆ ಎರಡು ಹನಿ ಬಿಡಿಸಿಕೊಳ್ಳಲು ಹೆದರುತ್ತಾನೆಂದರೆ ಇಲ್ಲಿ ಯಾರೂ ನಂಬುವುದಿಲ್ಲ. ಬಗ್ಗಬೇಡ, ಭಾರ ಎತ್ತಬೇಡ, ಚಿಕ್ಕವಳ ಮನೆಯ ನಲ್ಲಿ ತೊಟ್ಟಿಕ್ಕುವುದನ್ನು ಕಂಡು ಕೈ ತುರಿಸಿದರೂ ಸುಮ್ಮನೆ ಕೂತಿರು. ಈ ಕಾಗದವನ್ನು ಮಾತ್ರ ಪಟ್ಟಿ ಇಲ್ಲದ ಕಣ್ಣಿನಲ್ಲಿ ನೀನೇ ಓದಿಕೊ. ಚಿಕ್ಕವಳ ಕೈಗೆ ಕೊಟ್ಟೆಯೋ, ನಿನ್ನ ಕಿವಿಗೆ ಮುಟ್ಟಲೆಂದು ಕೂಗಿ ಓದುತ್ತಾಳೆ, ಸಂಜೆಯೊಳಗೆ ಅವಳ ಬೀದಿಗೆ ಬೀದಿಯೇ ನಮ್ಮ ಮನೆಯ ಗುಟ್ಟನ್ನು ಬಾಯಿಪಾಠ ಮಾಡಿರುತ್ತದೆ. ಫೋನು ಮಾಡದೆ ಕಾಗದ ಬರೆಯುತ್ತಿರುವುದೂ ಅದಕ್ಕೇ. ಅಪ್ಪಾ, ನನಗೆ ಹೆದರಿಕೆಯಾಗಿದೆ. ಹೆದರಿದಾಗ ನನಗೆ ಬಾಯಿ ಜಾಸ್ತಿ ಎಂಬುದು ನಿನಗೆ ಗೊತ್ತೇ ಇದೆ. ಕಾಗದ ಎಷ್ಟು ಉದ್ದವೋ ಹೆದರಿಕೆಯೂ ಅಷ್ಟೇ ಉದ್ದ ಎಂದುಕೊ.

ಮೊದಲು ಒಳ್ಳೆಯ ಸುದ್ದಿ ಹೇಳಿಬಿಡುತ್ತೇನೆ, ಅದಕ್ಕೇನೂ ಬರವಿಲ್ಲ. ಪಕ್ಕದ ನಗರ ನಮ್ಮ ಊರನ್ನು ಸೇರಿಸಿಕೊಂಡು ಎಂಟು ತಿಂಗಳಾಯಿತಲ್ಲ. ಏಳು ತಿಂಗಳು ಬರೀ ಬೋರ್ಡು ಬದಲಾಯಿಸಿದರು, ಈ ಒಂದು ತಿಂಗಳಿಂದ ಊರನ್ನೇ ಬದಲಾಯಿಸುತ್ತಿದ್ದಾರೆ. ವಿಲೀನವೆಂದರೆ ಅವರು ದೊಡ್ಡವರು, ನಾವು ದೀನರು ಎಂದು ನಾನು ಹಾಸ್ಯ ಮಾಡುತ್ತಿದ್ದೆ. ಈಗ ಆ ಮಾತನ್ನು ನುಂಗಿಕೊಂಡಿದ್ದೇನೆ. ನಮ್ಮ ತಗ್ಗಿನ ಬೀದಿಗೆ ಒಂಬತ್ತು ದೀಪ ಬಂದಿವೆ. ಒಂಬತ್ತೂ ಉರಿಯುತ್ತವೆ! ನೀನು ಕಂಡಿದ್ದ ಮೂರು ಕಂಬಗಳಲ್ಲಿ ಎರಡು ನಾಯಿಗಳಿಗಷ್ಟೇ ಉಪಯೋಗಕ್ಕೆ ಬರುತ್ತಿದ್ದವು. ಕಸದ ಗಾಡಿ ದಿನಾ ಬೆಳಿಗ್ಗೆ ಹಾಡು ಹಾಕಿಕೊಂಡು ಬರುತ್ತದೆ. ನಿನ್ನ ಮೊಮ್ಮಗಳು ಪಟಾಕಿ ಆ ಹಾಡು ಕೇಳುವುದಕ್ಕೆಂದೇ ಮನೆಯಲ್ಲಿ ಕಸ ಉತ್ಪಾದನೆ ಮಾಡುತ್ತಾಳೆ. ನಗರಕ್ಕೆ ಅರ್ಧ ಗಂಟೆಗೊಂದು ಬಸ್ಸು. ಬಸ್ ನಿಲ್ದಾಣಕ್ಕೆ ಜಾಗ ಬೇಕೆಂದು ಹಿಟ್ಟಿನ ಗಿರಣಿಯ ಆ ಬಿರುಕು ಗೋಡೆಯನ್ನು ಕೆಡವಿದರು. ಈ ಗೋಡೆಯ ಸಂಗತಿ ಮನಸ್ಸಿನಲ್ಲಿಟ್ಟುಕೊ, ಮುಂದೆ ಬೇಕಾಗುತ್ತದೆ.

ಎಲ್ಲಕ್ಕಿಂತ ದೊಡ್ಡದು ನೀರು. ದಿನ ಬಿಟ್ಟು ದಿನ ತೊಟ್ಟಿಕ್ಕುವ ಹಳೆಯ ಕೊಳವೆಯೊಂದನ್ನು ಬಿಟ್ಟರೆ, ಇಷ್ಟು ವರ್ಷ ನಮ್ಮ ಬೀದಿಗೆ 'ನಲ್ಲಿ' ಎಂಬುದು ಸಪ್ತಮಿ ವಿಭಕ್ತಿಯಲ್ಲಿ ಮಾತ್ರ ಸಿಗುತ್ತಿತ್ತು: ಊರಿನಲ್ಲಿ, ಕನಸಿನಲ್ಲಿ, ಚುನಾವಣೆಯ ಮಾತಿನಲ್ಲಿ. ಈಗ ಮನೆಮನೆಗೂ ಹೊಸ ಕೊಳವೆ ಎಳೆದಿದ್ದಾರೆ. ನಗರದ ದೊಡ್ಡ ತೊಟ್ಟಿಯಿಂದ ನದಿ ನೀರು, ಇಡೀ ದಿನ. ಈ ಶನಿವಾರ ಬೆಳಿಗ್ಗೆ ಹತ್ತಕ್ಕೆ ಬಿಡುತ್ತಾರೆ. ಎಂಜಿನಿಯರಮ್ಮ ಖುದ್ದು ನನ್ನ ಮೇಜಿನ ಹತ್ತಿರ ಬಂದು, "ನಿಮ್ಮ ತಂದೆಯೋರ ಕೈಲೇ ತೆರೆಸೋಣ ಕಣ್ರೀ, ಊರೋರೆಲ್ಲ ಅವರನ್ನ ನೀರಣ್ಣ ಅಂತಾರಲ್ಲ, ಅವರು ಬಿಟ್ಟು ಬೇರೆಯವರು ತೆರೆದ್ರೆ ಚೆನ್ನಾಗಿರಲ್ಲ" ಎಂದರು. ಒಳ್ಳೆಯ ಹೆಂಗಸು. ಕೆಸರಿನಲ್ಲಿ ಬೂಟು ಹಾಕಿಕೊಂಡು ಇಳಿಯುತ್ತಾರೆ, ಮೇಸ್ತ್ರಿಯನ್ನು ಬೈಯುವಾಗಲೂ 'ಅಣ್ಣ' ಸೇರಿಸಿ ಬೈಯುತ್ತಾರೆ. ಅವರು ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಈಗ ಕೆಟ್ಟ ಸುದ್ದಿ. ಹೊಸ ಕೊಳವೆ ಹಾಕುವ ಮೊದಲು ಅವರು ಹಳೆಯ ಕೊಳವೆಗಳ ನಕ್ಷೆ ಕೇಳಿದರು. ನಮ್ಮ ಪುರಸಭೆಗೆ ನಕ್ಷೆ ಎಲ್ಲಿತ್ತು? ನಕ್ಷೆ ಅಂದರೆ ನೀನು. ನಕ್ಷೆಗೆ ನಿವೃತ್ತಿಯಾಗಿ ನಾಲ್ಕು ವರ್ಷ, ಕಣ್ಣಿನ ಆಪರೇಷನ್ನಿಗೆಂದು ಬೇರೆ ಊರಿಗೆ ಹೋಗಿದೆ ಎಂದು ಹೇಳಲಾದೀತೆ? ಹಳೆಯ ದಫ್ತರು ತೆಗೆದು ನಾನೇ ಪಟ್ಟಿ ಬರೆದೆ. ತಗ್ಗಿನ ಬೀದಿ ಮತ್ತು ಸುತ್ತಮುತ್ತ: ಹನ್ನೊಂದು ವಾಲ್ವು. ಮುಚ್ಚಿದ ಬಟ್ಟೆ ಗಿರಣಿಯಿಂದ ನೀನು ಹಳೆಯ ಸಾಮಾನಿನಲ್ಲಿ ತಂದವೆಂದೂ, ಎಲ್ಲವೂ ಲೋಕಕ್ಕೆ ವಿರುದ್ಧವಾಗಿ ಎಡಕ್ಕೆ ತಿರುಗಿಸಿದರೆ ಮುಚ್ಚುವ, ಬಲಕ್ಕೆ ತಿರುಗಿಸಿದರೆ ತೆರೆಯುವ ಎಡವಟ್ಟು ವಾಲ್ವುಗಳೆಂದೂ ಕೆಂಪು ಶಾಯಿಯಲ್ಲಿ ಬರೆದೆ. ಎಂಜಿನಿಯರಮ್ಮ ನಕ್ಕು, ಹನ್ನೊಂದಕ್ಕೂ ಬಾಣದ ಗುರುತು ಹಾಕಿಸಿದರು. ಆಮೇಲೆ ಕೇಳಿದರು, "ಇಷ್ಟೇನಾ?" ಅಪ್ಪಾ, ನಾನು "ಇಷ್ಟೇ ಮೇಡಂ" ಎಂದೆ. ಎಂದು ಸಹಿಯನ್ನೂ ಹಾಕಿದೆ.

ಹನ್ನೆರಡನೆಯದು ನನಗೆ ಗೊತ್ತಿಲ್ಲದೆ ಇಲ್ಲ. ನನಗಾಗ ಹನ್ನೊಂದು ವರ್ಷ. ಆ ವರ್ಷ ಬೇಸಿಗೆಯಲ್ಲಿ ನಮ್ಮ ಕೊಳವೆಬಾವಿ ಬತ್ತಿ, ನೂಲಿಗೆ ಬಣ್ಣ ಹಾಕುವ ಶೆಡ್ಡಿನ ಬಾವಿಯಿಂದ ನೀನು ನಮ್ಮ ಬೀದಿಗೆ ಕೊಳವೆ ಜೋಡಿಸಿದೆ. ಬೀದಿಯವರೆಲ್ಲ ನಿನ್ನನ್ನು ಹೊತ್ತು ತಿರುಗುವುದೊಂದು ಬಾಕಿ. ಮರುವರ್ಷ ಶೆಡ್ಡಿನವರ ಬಣ್ಣದ ಗುಂಡಿ ಇಂಗಿ ಬಾವಿಯ ನೀರು ಕೆಟ್ಟಿತು, ನಾಲ್ಕು ಮನೆಯಲ್ಲಿ ವಾಂತಿ ಶುರುವಾಯಿತು. ಜೋಡಣೆಯನ್ನು ತುಂಡರಿಸಿ ಎಂದು ಪುರಸಭೆಯಿಂದ ಆದೇಶ ಬಂತು. ಅವತ್ತು ಮಧ್ಯಾಹ್ನ ನೀನು ಗುಂಡಿಯೊಳಗೆ, ನಾನು ಅಂಚಿನಲ್ಲಿ ಕೂತು ಸ್ಪ್ಯಾನರ್ ಕೊಡುತ್ತಿದ್ದೆ. ನೀನು ಗರಗಸ ಕೈಗೆ ತೆಗೆದುಕೊಂಡೆ, ಕೊಳವೆಯನ್ನು ನೋಡಿದೆ, ಗರಗಸ ಕೆಳಗಿಟ್ಟೆ. "ನಾಳೆ ಮತ್ತೆ ಬರ ಬಂದ್ರೆ ಯಾರ್ ಕೊಡ್ತಾರೆ ಕೊಳವೆ? ಇರ್ಲಿ ಬಿಡು. ಮುಚ್ಚಿದ್ರೆ ಸಾಕು" ಎಂದೆ. ಒಂದು ವಾಲ್ವು ಕೂರಿಸಿ, ಎಡಕ್ಕೆ ತಿರುಗಿಸಿ ಬಿಗಿದು, ಮೇಲೆ ಕಲ್ಲು ಚಪ್ಪಡಿ ಎಳೆದು ಮಣ್ಣು ಮುಚ್ಚಿದೆ. ದಫ್ತರಿನಲ್ಲಿ ನೀನೇ "ತುಂಡರಿಸಲಾಗಿದೆ" ಎಂದು ಬರೆದು ಸಹಿ ಮಾಡಿದೆ. "ಅಮ್ಮಂಗೂ ಹೇಳ್ಬೇಡ" ಎಂದೆ, ಅಮ್ಮ ಇರುವವರೆಗೂ ನಾನು ಹೇಳಲಿಲ್ಲ. ನಿನ್ನನ್ನು ದೂರುತ್ತಿಲ್ಲ, ಅಪ್ಪಾ. ನಮ್ಮ ಊರಿನಲ್ಲಿ ಯಾರು ತಾನೆ ಏನನ್ನು ಕತ್ತರಿಸಿ ಎಸೆದಿದ್ದಾರೆ? ಹರಿದ ಚಪ್ಪಲಿಯಿಂದ ಹಿಡಿದು ಮುರಿದ ಆಸ್ಪತ್ರೆ ಮಂಚದವರೆಗೆ ಎಲ್ಲವನ್ನೂ 'ಬೇಕಾಗಬಹುದು' ಎಂದು ಒಳಗಿಟ್ಟವರೇ ನಾವು. ಇಲ್ಲದವರು ಕತ್ತರಿಸುವುದಿಲ್ಲ, ಮುಚ್ಚಿಡುತ್ತಾರೆ.

ಹೋದ ವಾರ ಬುಧವಾರ ನಮ್ಮ ಬೀದಿಯಲ್ಲಿ ಹೊಸ ಕೊಳವೆಗೆ ಕಾಲುವೆ ತೋಡಿದರು. ಗುರುವಾರ ಮಣ್ಣು ಮುಚ್ಚಿ ಮೇಲೆ ಕಾಂಕ್ರೀಟು ಹಾಸಿಬಿಟ್ಟರು. ನಯವಾದ, ಬಿಳಿಯ, ಒಂದು ಗೆರೆಯೂ ಇಲ್ಲದ ರಸ್ತೆ. ಪಟಾಕಿ ಅದರ ಮೇಲೆ ಬರಿಗಾಲಿನಲ್ಲಿ ಓಡಿ ಅಂಗಾಲು ತೋರಿಸಿ, "ನೋಡಮ್ಮಾ, ಕೊಳೇನೇ ಇಲ್ಲ" ಎಂದಳು. ಶುಕ್ರವಾರ ಮೇಸ್ತ್ರಿ ಯಾವುದೋ ಸಹಿಗೆ ನನ್ನ ಮೇಜಿನೆದುರು ಕಾಯುತ್ತಾ, ಹೊತ್ತು ಹೋಗಲೆಂದು ಹೇಳಿದ: "ನಿಮ್ ಬೀದೀಲಿ ಯಾವ್ದೋ ಹಳೇ ವಾಲ್ವು ಸಿಕ್ತಮ್ಮ, ಲಿಸ್ಟಲ್ಲಿ ಇರ್ಲಿಲ್ಲ, ಬಾಣಾನೂ ಇರ್ಲಿಲ್ಲ. ಯಾಕೆ ಬೇಕು ಅಂತ ಬಲಕ್ಕೆ ಚೆನ್ನಾಗಿ ಬಿಗ್ದು ಮುಚ್ಬಿಟ್ವಿ. ಇಪ್ಪತ್ತು ಸುತ್ತು ತಿರುಗ್ತು ನೋಡಿ, ಅಷ್ಟು ಸಡ್ಲ ಬಿಟ್ಟಿದ್ರು ನಿಮ್ಮೋರು!"

ಇಪ್ಪತ್ತು ಸುತ್ತು, ಬಲಕ್ಕೆ. ಬಲವಾಗಿ ಬಲಕ್ಕೆ. ನನ್ನ ಬಾಯಿಯಲ್ಲಿ ಸಾಮಾನ್ಯವಾಗಿ ಇಂಥ ಮಾತು ಬಂದರೆ ನನಗೇ ನಗು ಬರುತ್ತದೆ. ಅವತ್ತು ಮೇಸ್ತ್ರಿಯ ಕಾಗದದ ಮೇಲೆ ಎರಡೆರಡು ಸಲ ಸಹಿ ಹಾಕಿದೆ. ಪಾಪ, ಅವನು ಮುಚ್ಚಿದೆನೆಂದುಕೊಂಡು ಪೂರ್ತಿ ತೆರೆದಿದ್ದಾನೆ. ಎಲ್ಲಿ ಸಿಕ್ಕಿತು ಎಂದು ಮೆಲ್ಲಗೆ ಕೇಳಿದೆ. "ಅಯ್ಯೋ, ಒಂದೇ ದಿನ ಮೂರು ಬೀದಿ ಅಗೆದ್ವಿ, ಯಾವ ಗುಂಡಿ ಅಂತ ನೆನಪಿಟ್ಕೊಳ್ಳಿ?" ಎಂದು ಸಹಿ ತೆಗೆದುಕೊಂಡು ಹೋದ. ಶೆಡ್ಡಿನ ಪಂಪು ಇವತ್ತಿಗೂ ದಿನಾ ಓಡುತ್ತದೆ, ನೂಲು ತೊಳೆಯಲು. ನಮ್ಮ ಬೀದಿಗೆ ಶನಿವಾರದವರೆಗೂ ದಿನ ಬಿಟ್ಟು ದಿನ ಬರುವುದು ಹಳೆಯ ಕೊಳವೆಯದೇ ನೀರು.

ಮೊನ್ನೆ ಶನಿವಾರದ ನೀರಿನಲ್ಲಿ ನೊರೆ ಬಂತು. ಹೊಸ ಕೆಲಸ ನಡೆದಿದೆ, ಒಂದೆರಡು ದಿನ ಹೀಗೇ ಎಂದು ಬೀದಿಯವರು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಸೋಮವಾರ ನಮ್ಮ ಎದುರುಮನೆಯ ಹೊಲಿಗೆ ಅಕ್ಕ ಬಿಳಿ ಅಂಗಿಗಳನ್ನು ಒಗೆದು ಹರವಿ, "ನೋಡೇ, ನೀಲಿ ಹಾಕದೇನೇ ನೀಲಿ! ಪಾಲಿಕೆಯೋರು ನೀಲೀನೂ ಬಿಟ್ಟಿ ಕೊಡ್ತಾರೆ" ಎಂದು ನಕ್ಕಳು. ನಾನೂ ನಕ್ಕೆ. ಎಷ್ಟು ಚೆನ್ನಾಗಿ ನಕ್ಕೆನೆಂದರೆ ಅವಳು ಇನ್ನೊಂದು ಸಲ ಹೇಳಿದಳು. ಈಗ ಬೀದಿಯಲ್ಲಿ ಮೂರು ಮಕ್ಕಳು ವಾಂತಿ ಮಾಡಿಕೊಂಡು ಮಲಗಿವೆ. ಅವುಗಳಲ್ಲಿ ಅಕ್ಕನ ಕಿರಿಯವಳೂ ಒಂದು, ಪಟಾಕಿಯ ಜೊತೆ ಒಂದೇ ಬೆಂಚಿನಲ್ಲಿ ಕೂರುವವಳು. ಬಿಸಿಲಿಗೆ ಎನ್ನುತ್ತಾರೆ ಡಾಕ್ಟರು. ಹೌದಿರಬಹುದು. ಬಿಸಿಲೂ ಇದೆ.

ಇನ್ನೊಂದು ಮಾತು ಬರೆಯಲು ಪೆನ್ನು ಹಿಂದೆಮುಂದೆ ನೋಡುತ್ತಿದೆ. ಪಟಾಕಿ ಚೆನ್ನಾಗಿದ್ದಾಳೆ. ಯಾಕೆಂದರೆ ಶುಕ್ರವಾರದಿಂದ ನಾನು ದಿನಾ ಕಚೇರಿಯಿಂದ ಎರಡು ಕ್ಯಾನು ನೀರು ಹೊತ್ತು ತರುತ್ತೇನೆ. ಕಚೇರಿಯದು ಮೇಲಿನ ತೊಟ್ಟಿಯ ಬೇರೆ ಕೊಳವೆ. ನಿನ್ನ ಅಳಿಯ, "ಮನೇಲೇ ನೀರು ಬರುತ್ತಲ್ಲ, ಯಾಕೆ ಹೀಗೆ ಹೊತ್ತು ಸಾಯ್ತೀಯ?" ಎಂದು ಕೇಳಿದರು. ಅಭ್ಯಾಸ ಬಲ ಎಂದೆ. ನೀರಣ್ಣನ ಮಗಳು ನಾನು, ಕ್ಯಾನನ್ನು ಬಟ್ಟೆಯ ಚೀಲದಲ್ಲಿ ಮುಚ್ಚಿಕೊಂಡು ಅಕ್ಕನ ಬಾಗಿಲ ಮುಂದೆಯೇ ಹಾದು ಬರುತ್ತೇನೆ. ಮುಚ್ಚಿಡುವುದರಲ್ಲಿ ನನಗೆ ಒಳ್ಳೆಯ ಗುರು ಸಿಕ್ಕಿದ್ದ ಎಂದು ಬರೆದು ನಗಿಸೋಣವೆಂದುಕೊಂಡೆ. ನಗು ಬರಲಿಲ್ಲ.

ಯಾಕೆ ಹೇಳಲಿಲ್ಲ ಎನ್ನುತ್ತೀಯಾ? ಹೇಳಿದರೆ ಶನಿವಾರದ ನೀರು ನಿಲ್ಲುತ್ತದೆ. ಕೆಟ್ಟ ಕೊಳವೆ ಎಲ್ಲಿದೆ ಎಂದು ಗೊತ್ತಾಗುವವರೆಗೆ ಹೊಸ ರಸ್ತೆಯನ್ನೆಲ್ಲ ಅಗೆಯುತ್ತಾರೆ. "ಈ ಜನಕ್ಕೆ ಮಾಡಿಕೊಟ್ಟರೂ ಉಳಿಸಿಕೊಳ್ಳೋ ಯೋಗ್ಯತೆ ಇಲ್ಲ" ಎಂದು ನಗರದವರಲ್ಲಿ ಕೆಲವರು ಈಗಲೇ ಅನ್ನುತ್ತಾರೆ, ಎಂಜಿನಿಯರಮ್ಮ ಒಬ್ಬರೇ ಅವರ ಜೊತೆ ಗುದ್ದಾಡುತ್ತಿದ್ದಾರೆ. ಮೂವತ್ತು ವರ್ಷ ಕಾದ ಬೀದಿ ಮತ್ತೆ ಕೊಡ ಹಿಡಿದು ನಿಲ್ಲುವುದು ನನ್ನಿಂದಲೇ ಆದರೆ ಹೇಗೆ ತಲೆ ಎತ್ತಿ ಓಡಾಡಲಿ? ಇದೆಲ್ಲ ನಿಜ. ಆದರೆ ಇದಲ್ಲ ಕಾರಣ. ದಫ್ತರಿನಲ್ಲಿ "ತುಂಡರಿಸಲಾಗಿದೆ" ಎಂಬುದರ ಕೆಳಗೆ ನಿನ್ನ ಸಹಿ ಇದೆ. ಶನಿವಾರ ಯಾರ ಕೈಯಲ್ಲಿ ನೀರು ತೆರೆಸಬೇಕೆಂದಿದ್ದಾರೋ ಅವರದೇ ಸಹಿ. ನಿನ್ನನ್ನು ಬೀದಿಯವರು ನೋಡುವ ನೋಟ ನನ್ನ ಕಣ್ಣಮುಂದೆ ಬರುತ್ತದೆ, ನಾನು ಬಾಯಿ ಮುಚ್ಚುತ್ತೇನೆ. ಅಪ್ಪನೋ ಬೀದಿಯೋ ಎಂದು ಐದು ದಿನದಿಂದ ತೂಗುತ್ತಿದ್ದೇನೆ. ತಕ್ಕಡಿ ನನ್ನದೇ ಆದ್ದರಿಂದ ನೀನೇ ತೂಗುತ್ತೀಯ.

ಈಗ ನನ್ನ ಉಪಾಯ ಕೇಳು. ಅವತ್ತು ಗುಂಡಿ ಮುಚ್ಚಿದ ಮೇಲೆ ಆ ಹಿಟ್ಟಿನ ಗಿರಣಿಯ ಗೋಡೆಯ ಮೂಲೆಯಿಂದ ನೀನು ಹೆಜ್ಜೆ ಹಾಕಿ ಎಣಿಸಿದ್ದೆ. ನಾನೂ ನಿನ್ನ ಹಿಂದೆ ಎಣಿಸಿದ್ದೆ, ಆದರೆ ಹದಿನೇಳೋ ಇಪ್ಪತ್ತೇಳೋ ಮರೆತಿದೆ, ಅಲ್ಲದೆ ನನ್ನದು ಆಗ ಕೋಳಿ ಹೆಜ್ಜೆ. ಗೋಡೆ ಹೋಗಿದೆ, ಆದರೆ ಮೂಲೆಯ ಬುಡಗಲ್ಲು ಬಸ್ ನಿಲ್ದಾಣದ ಹಿಂದೆ ಹಾಗೆಯೇ ಇದೆ. ನೀನು ಎಷ್ಟು ಹೆಜ್ಜೆ, ಯಾವ ದಿಕ್ಕಿಗೆ ಎಂದು ಒಂದು ಸಾಲು ಬರೆದು, ಈ ಕಾಗದ ಸಿಕ್ಕ ಕೂಡಲೇ ಅಂಚೆಗೆ ಹಾಕಿಸು. ಬೇರೆ ಏನೂ ಬೇಡ, ಚಿಕ್ಕವಳಿಗೆ ಒಗಟು ಎಂದು ಹೇಳು. ಮೇಸ್ತ್ರಿಗೆ ಏನಾದರೊಂದು ನೆಪ ಹೇಳಿ ಅಲ್ಲೊಂದು ಸಣ್ಣ ತೂತು ಕೊರೆಸಿ, ಕಬ್ಬಿಣದ ಚಾವಿ ಇಳಿಸಿ, ನಾನೇ ಎಡಕ್ಕೆ ಇಪ್ಪತ್ತು ಸುತ್ತು ತಿರುಗಿಸಿಬಿಡುತ್ತೇನೆ. ಯಾರಿಗೂ ಗೊತ್ತಾಗುವುದಿಲ್ಲ. ಶನಿವಾರ ನೀನು ಬಂದು ಹೊಸ ನೀರು ಬಿಡು, ಬೀದಿ ನಿನ್ನನ್ನು ಕೊಂಡಾಡಲಿ. ಬರೆದದ್ದನ್ನು ಓದಿಕೊಂಡರೆ ಉಪಾಯ ಹುಡುಗಾಟದಂತೆ ಕಾಣುತ್ತದೆ, ಬಿ.ಎ. ಓದಿಸಿದ್ದು ದಂಡವಾಯಿತು ಎನ್ನಬೇಡ. ಹೆದರಿಕೆಗೆ ಪದವಿ ಇಲ್ಲ.

ಊಟದ ಹೊತ್ತು ಮುಗಿಯಿತು, ಕಿಟಕಿಯಲ್ಲಿ ಜನ ಸಾಲು ನಿಂತಿದ್ದಾರೆ, ಎಲ್ಲರೂ ಹೊಸ ನಲ್ಲಿಯ ಅರ್ಜಿ ಹಿಡಿದು ನಗುತ್ತಿದ್ದಾರೆ. ಚಿಕ್ಕವಳಿಗೂ ಅವಳ ಮನೆಯವರಿಗೂ ನನ್ನ ನೆನಪು ತಿಳಿಸು. ಪಟಾಕಿ ತಾತನ ಕಣ್ಣಿಗೆ ಮುತ್ತು ಕಳಿಸಿದ್ದಾಳೆ, ಯಾವ ಕಣ್ಣಿಗೆ ಎಂದು ಹೇಳಿಲ್ಲ, ಎರಡಕ್ಕೂ ಹಂಚಿಕೊ. ನಿನ್ನ ಕಣ್ಣಿಗೆ ಬೇಗ ಬೆಳಕು ತುಂಬಲಿ, ನನ್ನ ತಲೆಯ ಮೇಲೆ ಇಲ್ಲಿಂದಲೇ ಕೈಯಿಟ್ಟು ಹರಸು.

ನಿನ್ನ ಬಾಯಿಬಡುಕಿ ದೊಡ್ಡವಳು

ತಾ.ಕ.: ಅಪ್ಪಾ, ಮೇಲೆ ಕೇಳಿದ ಸಾಲು ಬರೆಯಬೇಡ. ಈ ಕಾಗದ ಅಂಚೆಗೆ ಹೋಗಲಿಲ್ಲ. ಮಡಚುತ್ತಿದ್ದಾಗ ಹೊಲಿಗೆ ಅಕ್ಕ ಕಿರಿಯವಳನ್ನು ಹೆಗಲ ಮೇಲೆ ಹಾಕಿಕೊಂಡು ಕಚೇರಿಗೆ ಓಡಿ ಬಂದಳು, ಆಸ್ಪತ್ರೆಯ ಗಾಡಿಗೆ ಫೋನು ಮಾಡಿಸೆಂದು. ಮಗುವಿನ ಕೈ ಅವಳ ಬೆನ್ನ ಮೇಲೆ ಒದ್ದೆ ಬಟ್ಟೆಯ ಹಾಗೆ ಜೋತಿತ್ತು. "ಬೆಳಿಗ್ಗೆ ನೀರು ಕೇಳ್ತು ಕಣೇ, ಎರಡು ಲೋಟ ಕುಡಿಸ್ದೆ" ಎಂದಳು. ಅವರನ್ನು ಆಸ್ಪತ್ರೆಗೆ ಕಳಿಸಿ, ನಾನು ನೇರ ಎಂಜಿನಿಯರಮ್ಮನ ಕೋಣೆಗೆ ಹೋಗಿ ಎಲ್ಲ ಹೇಳಿಬಿಟ್ಟೆ. ದಫ್ತರು, ನಿನ್ನ ಸಹಿ, ನನ್ನ ಸಹಿ, ಕ್ಯಾನು, ಎಲ್ಲ. ಅವರು ಬೈಯಲಿಲ್ಲ. "ಎಷ್ಟು ದಿನದಿಂದ ಗೊತ್ತಿತ್ತು?" ಎಂದರು. ಐದು ಎಂದೆ. ಆಮೇಲೆ ನನ್ನ ಮುಖ ನೋಡಲಿಲ್ಲ. ಶೆಡ್ಡಿನ ಪಂಪು ನಿಲ್ಲಿಸಿದ್ದಾರೆ, ಬೀದಿಗೆ ಟ್ಯಾಂಕರು ಹೊರಟಿದೆ, ನಲ್ಲಿ ಮುಟ್ಟಬೇಡಿ ಎಂದು ಮನೆಮನೆಗೆ ಹೇಳಲು ನನ್ನನ್ನೇ ಕಳಿಸುತ್ತಿದ್ದಾರೆ. ಕೊಳವೆಯಲ್ಲಿ ನಿಂತಿರುವ ವಿಷ ಹಾಗೇ ಇದೆ, ಹೊಸ ಕೊಳವೆಯೂ ಮನೆಗಳಲ್ಲಿ ಅದೇ ನಲ್ಲಿಗೆ ಸೇರುವುದರಿಂದ ಜೋಡಣೆ ಕತ್ತರಿಸದೆ ಹೊಸ ನೀರು ಬಿಡುವ ಹಾಗಿಲ್ಲ. ನನ್ನ ಬುಡಗಲ್ಲನ್ನು ಯಂತ್ರ ಯಾವತ್ತೋ ಪಕ್ಕಕ್ಕೆ ತಳ್ಳಿತ್ತಂತೆ, ಹೆಜ್ಜೆ ಲೆಕ್ಕದಿಂದ ಇನ್ನು ಪ್ರಯೋಜನವಿಲ್ಲ. ನೀನೇ ಬಂದು ಬೀದಿಯಲ್ಲಿ ನಿಂತು ತೋರಿಸಬೇಕು, ಎಲ್ಲರ ಎದುರಿಗೆ. ಈ ಕಾಗದವನ್ನು ನಿನ್ನ ಕೈಗೆ ಕೊಟ್ಟು ಬಾಗಿಲಲ್ಲಿ ನಿಂತಿರುವವರು ಎಂಜಿನಿಯರಮ್ಮ. ಹಿಂದಿನ ಬಾಗಿಲಿಂದ ಹೋಗಬೇಡ ಅಪ್ಪಾ, ನಾನಾಗಿದ್ದರೆ ಹೋಗುತ್ತಿದ್ದೆ. ಮಗು ಇನ್ನೂ ಕಣ್ಣು ಬಿಟ್ಟಿಲ್ಲ. ಅಂಗಿ ಬದಲಿಸುತ್ತಾ ನಿಲ್ಲಬೇಡ, ಇದ್ದ ಹಾಗೆಯೇ ಜೀಪು ಹತ್ತು.